ಮನೆಯಲ್ಲಿ ಕಟ್ಟಿದ ವಿಮಾನ: ನೋಡಿಕೊಳ್ಳುವುದು ಹೇಗೆ, ಬದಲಾಯಿಸುವುದು ಹೇಗೆ?

ಅಮೆರಿಕದಲ್ಲಿ 'ಸ್ಪೋರ್ಟ್ ಪೈಲಟ್' ಎಂಬ ಒಂದು ಲೈಸೆನ್ಸ್ ಇದೆ. ಇದಕ್ಕೆ ವಿಮಾನಯಾನ ವೈದ್ಯರ ಪ್ರಮಾಣಪತ್ರವೇ ಬೇಕೆಂದಿಲ್ಲ, ಕಾರಿನ ಡ್ರೈವಿಂಗ್ ಲೈಸೆನ್ಸ್ ಇದ್ದರೂ ನಡೆಯುತ್ತದೆ. ಇಷ್ಟು ವರ್ಷ ಈ ಲೈಸೆನ್ಸಿನವರು 1,320 ಪೌಂಡಿನೊಳಗಿನ, ಅಂದರೆ ಸುಮಾರು 600 ಕೆಜಿಯೊಳಗಿನ ಪುಟ್ಟ ವಿಮಾನಗಳನ್ನಷ್ಟೇ ಹಾರಿಸಬಹುದಿತ್ತು. 2025ರ ಅಕ್ಟೋಬರ್ 22ರಿಂದ ಆ ತೂಕದ ಗೆರೆ ಹೋಯಿತು. ಈಗ ಮುಖ್ಯವಾಗಿ ನೋಡುವುದು ವೇಗವನ್ನು. ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದಂಚಿನ ಹಲಗೆ ಇಳಿಸದೆ ವಿಮಾನವನ್ನು ನಿಧಾನ ಮಾಡುತ್ತ ಹೋದಾಗ 59 ನಾಟ್, ಅಂದರೆ ಗಂಟೆಗೆ ಸುಮಾರು 109 ಕಿಲೋಮೀಟರ್ ವೇಗಕ್ಕೆ ಇಳಿದರೂ ರೆಕ್ಕೆ ಅದನ್ನು ಎತ್ತಿ ಹಿಡಿದಿರಬೇಕು.

ಈ ಬದಲಾವಣೆಯಿಂದ ಗ್ಯಾರೇಜುಗಳಲ್ಲಿ, ಹ್ಯಾಂಗರುಗಳಲ್ಲಿ ಹವ್ಯಾಸಿಗಳು ಕಟ್ಟಿದ ಅನೇಕ ಎರಡು ಸೀಟಿನ ವಿಮಾನಗಳು ಒಮ್ಮೆಗೇ ಈ ಲೈಸೆನ್ಸಿನವರ ಕೈಗೆಟುಕಿವೆ. ಬೇರೊಬ್ಬರು ಕಟ್ಟಿದ್ದನ್ನು ಕೊಳ್ಳುವವರಲ್ಲಿ ಅನೇಕರು ಎಂಜಿನಿಯರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಅಂಥವರಿಗೆ ಎದುರಾಗುವ ಪ್ರಶ್ನೆಗಳು ನೇರವಾದವು. ಇದನ್ನು ಯಾರು ರಿಪೇರಿ ಮಾಡಬೇಕು? ಏನನ್ನು ಬದಲಾಯಿಸಬಹುದು? ಬದಲಾಯಿಸಿದರೆ ಏನು ಕೆಡಬಹುದು?

ತಯಾರಕರು ಯಾರು?

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್ ರೂಪಿಸಿದ ಎರಡು ಸೀಟಿನ 'ಹಂಸ-3' ತರಬೇತಿ ವಿಮಾನವನ್ನು ನೆನೆಯಿರಿ. ಅದರ ವಿನ್ಯಾಸವನ್ನು ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಪರೀಕ್ಷಿಸಿ 2000ದಲ್ಲಿ 'ಟೈಪ್ ಸರ್ಟಿಫಿಕೇಟ್' ಕೊಟ್ಟಿತು. ಇಂಥ ಸರ್ಟಿಫಿಕೇಟ್ ಎಂದರೆ ವಿನ್ಯಾಸಕ್ಕೆ ಬಿದ್ದ ಮುದ್ರೆ. ಆಮೇಲೆ ತಯಾರಾಗುವ ಪ್ರತಿ ವಿಮಾನವೂ ಆ ನಕಾಶೆಯಂತೆಯೇ ಇರಬೇಕು. ಬೇರೆ ಬಗೆಯ ಭಾಗ ಹಾಕಬೇಕಾದರೆ ಅದಕ್ಕೂ ಮಂಜೂರಾತಿ ಬೇಕು.

ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಇರುವುದಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್ಎಎ ಇದನ್ನು 'ಎಕ್ಸ್‌ಪೆರಿಮೆಂಟಲ್, ಅಮೆಚೂರ್-ಬಿಲ್ಟ್' ವರ್ಗದಲ್ಲಿ ನೋಂದಾಯಿಸುತ್ತದೆ. ಅದಕ್ಕೊಂದು ಷರತ್ತಿದೆ: ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಗಳು ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ತಾವೇ ಮಾಡಿರಬೇಕು. ಇದನ್ನೇ ಬಾಯಿಮಾತಿನಲ್ಲಿ '51 ಪರ್ಸೆಂಟ್ ರೂಲ್' ಅನ್ನುತ್ತಾರೆ. ಭಾಗಗಳನ್ನು ಕಿಟ್ ಆಗಿ ಮಾರಿದ ಕಂಪನಿ ಇಲ್ಲಿ ತಯಾರಕ ಅಲ್ಲ. ವಿಮಾನಕ್ಕೆ ಹಚ್ಚಿದ ಫಲಕದ ಮೇಲೆ ತಯಾರಕ ಎಂದು ಇರುವುದು ಕಟ್ಟಿದವರ ಹೆಸರು.

ಹಂಸಕ್ಕೂ ಈ ಲೋಕಕ್ಕೂ ಒಂದು ಹಳೆಯ ನಂಟಿದೆ. ಹಂಸಕ್ಕೆ ಮೊದಲು ಎನ್‌ಎಎಲ್ 1980ರ ದಶಕದಲ್ಲಿ ಹಾರಿಸಿದ ಪ್ರಾಯೋಗಿಕ ಹಗುರ ವಿಮಾನ ಎಲ್‌ಸಿಆರ್‌ಎ. ಅದಕ್ಕೆ ಆಧಾರವಾದದ್ದು ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿಯೇ ಬರೆದ 'ಲಾಂಗ್-ಈಝಿ' ವಿನ್ಯಾಸ.

ವಿವರಗಳು ಗಾಳಿಯಲ್ಲಿ ತೇಲದಿರಲೆಂದು ಈ ಲೇಖನದುದ್ದಕ್ಕೂ ಒಂದೇ ವಿಮಾನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ವ್ಯಾನ್ಸ್ ಆರ್‌ವಿ-6. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರುಮಾಡಿದ, ಆರಿಗನ್ ರಾಜ್ಯದ ಕಂಪನಿಯ ಕಿಟ್ ಇದು. ಆರ್‌ವಿ ಸರಣಿಯ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಕೂಡಿಸಿದ ಮೈ, ಅಕ್ಕಪಕ್ಕ ಎರಡು ಸೀಟು, ಮುಂದೆ ಸಾಮಾನ್ಯವಾಗಿ 160 ಅಶ್ವಶಕ್ತಿಯ ಲೈಕಮಿಂಗ್ ಓ-320 ಎಂಜಿನ್.

ಸ್ಪ್ಯಾನರ್ ಹಿಡಿಯುವವರು, ಸಹಿ ಹಾಕುವವರು

ಮೊದಲ ಸಲ ಕೇಳುವವರಿಗೆ ಇದು ಅಚ್ಚರಿಯೇ. ಅಮೆರಿಕದಲ್ಲಿ ಈ ವರ್ಗದ ವಿಮಾನವನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದು. ಮಾಲೀಕರೇ ಆಯಿಲ್ ಬದಲಿಸಬಹುದು, ಬ್ರೇಕ್ ಬಿಚ್ಚಬಹುದು, ಎಂಜಿನ್ನನ್ನೇ ಇಳಿಸಬಹುದು. ಕಡಿವಾಣ ಇರುವುದು ಇನ್ನೊಂದು ಕಡೆ. ಪ್ರತಿ 12 ತಿಂಗಳಿಗೊಮ್ಮೆ 'ಕಂಡಿಷನ್ ಇನ್‌ಸ್ಪೆಕ್ಷನ್' ಆಗಿ, ವಿಮಾನ ಸುರಕ್ಷಿತವಾಗಿ ಹಾರುವ ಸ್ಥಿತಿಯಲ್ಲಿದೆ ಎಂದು ಲಾಗ್‌ಬುಕ್ಕಿನಲ್ಲಿ ಸಹಿ ಬೀಳಲೇಬೇಕು. ಆ ಸಹಿಯನ್ನು ಎಲ್ಲರೂ ಹಾಕುವಂತಿಲ್ಲ. ಸಾಮಾನ್ಯವಾಗಿ ಏರ್‌ಫ್ರೇಮ್ (ವಿಮಾನದ ಮೈ) ಮತ್ತು ಪವರ್‌ಪ್ಲಾಂಟ್ (ಎಂಜಿನ್) ಎರಡಕ್ಕೂ ಪರವಾನಗಿ ಇರುವ ಮೆಕ್ಯಾನಿಕ್ ಹಾಕಬಹುದು. ಇಲ್ಲವೇ ಆ ವಿಮಾನವನ್ನು ಕಟ್ಟಿ, ಅದಕ್ಕಾಗಿ 'ರಿಪೇರ್‌ಮನ್ ಸರ್ಟಿಫಿಕೇಟ್' ಪಡೆದವರು ಹಾಕಬಹುದು.

ಕಟ್ಟಿದವರ ಸರ್ಟಿಫಿಕೇಟ್ ಆ ಒಂದು ವಿಮಾನಕ್ಕೆ ಮಾತ್ರ ಸಲ್ಲುತ್ತದೆ, ಮಾರಿದಾಗ ಕೊಂಡವರಿಗೆ ವರ್ಗವಾಗುವುದಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಹತ್ತಿರದಲ್ಲಿ ಇಂಥ ವಿಮಾನ ಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಜೊತೆಗೆ ಇನ್ನೊಂದು ಕಾಗದವನ್ನು ಓದಬೇಕು, 'ಆಪರೇಟಿಂಗ್ ಲಿಮಿಟೇಷನ್ಸ್'. ಇದು ಪ್ರತಿ ವಿಮಾನಕ್ಕೂ ಪ್ರತ್ಯೇಕವಾಗಿ ಕೊಟ್ಟ ಷರತ್ತುಪತ್ರ. ಒಂದೇ ಮಾದರಿಯ ಎರಡು ವಿಮಾನಗಳ ಷರತ್ತುಗಳು ಬೇರೆಬೇರೆ ಇರಬಹುದು, ನಿಮಗೆ ಅನ್ವಯಿಸುವುದು ನಿಮ್ಮ ವಿಮಾನದೊಳಗೆ ಇರುವ ಪತ್ರ ಮಾತ್ರ.

ವರ್ಷದ ತಪಾಸಣೆ: ಎಂಜಿನ್ನಿನಿಂದ ಶುರು

ಕೌಲಿಂಗ್, ಅಂದರೆ ಎಂಜಿನ್ನಿನ ಹೊದಿಕೆ ಬಿಚ್ಚುವ ಮೊದಲು ಒಮ್ಮೆ ಹಾರಿಸಿ ಎಂಜಿನ್ ಬಿಸಿ ಮಾಡಿಕೊಳ್ಳಬೇಕು. ತಣ್ಣಗಿರುವ ಸಿಲಿಂಡರಿನ ಒತ್ತಡ ಪರೀಕ್ಷೆ ಸರಿಯಾದ ಉತ್ತರ ಕೊಡುವುದಿಲ್ಲ. ಬಿಸಿಯಿರುವಾಗಲೇ ಪ್ರತಿ ಸಿಲಿಂಡರಿನ ಒಂದು ಪ್ಲಗ್ ಬಿಚ್ಚಿ, ಪಿಸ್ಟನ್ ಒತ್ತುವ ಹೊಡೆತದ ಮೇಲ್ತುದಿಯಲ್ಲಿ ಇರುವಾಗ 80 ಪಿಎಸ್ಐ ಗಾಳಿ ಬಿಡುತ್ತಾರೆ. ಸಿಲಿಂಡರ್ ಅದರಲ್ಲಿ ಎಷ್ಟನ್ನು ಹಿಡಿದಿಟ್ಟಿತು ಎಂದು ಎರಡನೆಯ ಗೇಜ್ ತೋರಿಸುತ್ತದೆ. 75 ತೋರಿಸಿದರೆ '80ಕ್ಕೆ 75' ಎಂದು ಬರೆಯುತ್ತಾರೆ. 70ರ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 65ರ ಹತ್ತಿರ ಬಂದರೆ ಕೆಲವು ಗಂಟೆ ಹಾರಿಸಿ ಮತ್ತೆ ಅಳೆಯಬೇಕು. 60ಕ್ಕಿಂತ ಕೆಳಗಿಳಿದರೆ ಸಿಲಿಂಡರ್ ಕಳಚುವ ಯೋಚನೆ ಮಾಡಬೇಕಾಗುತ್ತದೆ.

ಅಂಕಿಗಿಂತ ಹೆಚ್ಚು ಹೇಳುವುದು ಗಾಳಿ ಸೋರುವ ಸದ್ದು. ಎಕ್ಸಾಸ್ಟ್ ಕೊಳವೆಯಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಕಾರ್ಬ್ಯುರೇಟರ್ ಕಡೆಯಿಂದ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಈ ಪರೀಕ್ಷೆ ಒಬ್ಬರೇ ಮಾಡುವ ಕೆಲಸವಲ್ಲ. 80 ಪಿಎಸ್ಐ ಒತ್ತಡ ಪಿಸ್ಟನ್ನನ್ನು ತಳ್ಳಿ ಪ್ರೊಪೆಲರನ್ನು ಬೀಸಬಲ್ಲದು, ಆದ್ದರಿಂದ ಇನ್ನೊಬ್ಬರು ಅದನ್ನು ಬಿಗಿಯಾಗಿ ಹಿಡಿದಿರಬೇಕು.

ಆಯಿಲ್ ಬದಲಿಸುವುದು 50 ಗಂಟೆ ಹಾರಾಟಕ್ಕೊಮ್ಮೆ ಅಥವಾ ನಾಲ್ಕು ತಿಂಗಳಿಗೊಮ್ಮೆ, ಯಾವುದು ಮೊದಲು ಬರುತ್ತದೋ ಅದು. ಫಿಲ್ಟರ್ ಇಲ್ಲದೆ ಬರೀ ಜಾಲರಿ ಇರುವ ಎಂಜಿನ್ನಿಗೆ 25 ಗಂಟೆ. ಹಾರದೆ ನಿಂತ ವಿಮಾನಕ್ಕೂ ನಾಲ್ಕು ತಿಂಗಳ ಲೆಕ್ಕ ಏಕೆ? ಎಂಜಿನ್ ಉರಿದಾಗ ಹುಟ್ಟಿದ ನೀರಿನಂಶ ಮತ್ತು ಆಮ್ಲ ಹಳೆಯ ಆಯಿಲ್‌ನಲ್ಲೇ ಉಳಿದು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿಗೆ ತುಕ್ಕು ಹಿಡಿಸುತ್ತದೆ. ವರ್ಷಕ್ಕೆ ಇಪ್ಪತ್ತೇ ಗಂಟೆ ಹಾರಿದ ಎಂಜಿನ್, ನೂರೈವತ್ತು ಗಂಟೆ ಹಾರಿದ್ದಕ್ಕಿಂತ ಒಳಗೊಳಗೇ ಹೆಚ್ಚು ಹಾಳಾಗಿರಬಹುದು.

ಬಿಚ್ಚಿದ ಫಿಲ್ಟರನ್ನು ಹಾಗೇ ಎಸೆಯುವುದು ದೊಡ್ಡ ತಪ್ಪು. ಅದನ್ನು ಕೊಯ್ಯುವ ಕಟ್ಟರಿನಿಂದಲೇ ಕೊಯ್ಯಬೇಕು, ಗರಗಸ ಹಾಕಿದರೆ ಗರಗಸದ ಪುಡಿಯೇ ಒಳಗೆ ಬೀಳುತ್ತದೆ. ಮಡಿಕೆ ಮಡಿಕೆಯ ಕಾಗದವನ್ನು ಬಿಡಿಸಿ, ಹಿಂಡಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು. ಮಿನುಗುವ ಚೂರಿಗೆ ಅಯಸ್ಕಾಂತ ತೋರಿಸಬೇಕು. ಅಂಟಿಕೊಂಡರೆ ಉಕ್ಕು, ಅಂದರೆ ಕ್ಯಾಮ್, ಟ್ಯಾಪೆಟ್ ಅಥವಾ ಗೇರ್ ಸವೆಯುತ್ತಿರಬಹುದು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಲೋಹ. ಒಂದೆರಡು ಸೂಕ್ಷ್ಮ ಚೂರುಗಳಿಗೆ ಗಾಬರಿ ಬೇಡ, ಕಳೆದ ಸಲಕ್ಕಿಂತ ಹೆಚ್ಚಾಗಿದೆಯೇ ಎಂಬುದೇ ಮುಖ್ಯ. ಅದಕ್ಕಾಗಿ ಪ್ರತಿ ಸಲದ ಫಿಲ್ಟರ್ ಕಾಗದವನ್ನು ತಾರೀಕು ಬರೆದು ಎತ್ತಿಡುವ ರೂಢಿ ತುಂಬ ಉಪಯುಕ್ತ.

ಇಂಥ ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್. ಮಾಮೂಲಿ ಬಗೆಯ ಪ್ಲಗ್ಗಿನ ಗ್ಯಾಪ್ 0.016ರಿಂದ 0.021 ಇಂಚು. ಮತ್ತೆ ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಿ 35 ಫುಟ್-ಪೌಂಡಿಗೆ ಬಿಗಿಯಬೇಕು. ಕೈಜಾರಿ ಕಾಂಕ್ರೀಟ್ ನೆಲದ ಮೇಲೆ ಬಿದ್ದ ಪ್ಲಗ್ ಕಣ್ಣಿಗೆ ಚೆನ್ನಾಗಿ ಕಂಡರೂ ಕಸದ ಬುಟ್ಟಿಗೇ ಹೋಗಬೇಕು, ಒಳಗಿನ ಸಿರಾಮಿಕ್ ಸೀಳಿರುವುದು ಹೊರಗಿನಿಂದ ಕಾಣುವುದಿಲ್ಲ.

ಪ್ಲಗ್ಗಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ, ಬ್ಯಾಟರಿ ಬೇಡದೆ ತಾನೇ ವಿದ್ಯುತ್ ಹುಟ್ಟಿಸುವ ಪೆಟ್ಟಿಗೆ. ಇದರ ಗುಣ ಕಾರಿನ ಇಗ್ನಿಷನ್‌ಗೆ ತೀರ ವಿರುದ್ಧ. ಕಾರಿನಲ್ಲಿ ತಂತಿ ಕಡಿದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೊವನ್ನು ನಿಲ್ಲಿಸುವುದೇ 'ಪಿ-ಲೀಡ್' ಎಂಬ ತಂತಿ, ಆದ್ದರಿಂದ ಅದು ಕಡಿದರೆ ಕೀಲಿ ತೆಗೆದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ. ಆಗ ಯಾರಾದರೂ ಪ್ರೊಪೆಲರನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಪ್ರತಿ ಹಾರಾಟದ ಕೊನೆಗೆ ಐಡಲ್‌ನಲ್ಲಿ ಕೀಲಿಯನ್ನು ಕ್ಷಣಮಾತ್ರ 'ಆಫ್'ಗೆ ತಿರುಗಿಸಿ ನೋಡಬೇಕು. ಎಂಜಿನ್ ಸಾಯಲು ಹೊರಟರೆ ಪಿ-ಲೀಡ್ ಸರಿಯಿದೆ.

ಎಕ್ಸಾಸ್ಟಿನ ಬಿರುಕು ಕಣ್ಣಿಗೆ ಸಿಗುವುದು ಕಷ್ಟ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬೀಳುವ ಬಾಯನ್ನು ಎಕ್ಸಾಸ್ಟ್ ಕೊಳವೆಗೆ ಜೋಡಿಸಿ, ಕೊಳವೆಯ ಮೇಲೆಲ್ಲ ಸೋಪಿನ ನೀರು ಚಿಮುಕಿಸಿದರೆ ಬಿರುಕಿರುವಲ್ಲಿ ಗುಳ್ಳೆ ಏಳುತ್ತದೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ. ಈ ಕೊಳವೆಯ ಸುತ್ತಲಿನ ತಗಡಿನ ಕವಚದಿಂದಲೇ ಕ್ಯಾಬಿನ್ನಿಗೆ ಬಿಸಿಗಾಳಿ ಬರುವುದು. ಕವಚದೊಳಗೆ ಬಿರುಕು ಬಿಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪೈಲಟ್ ಕೂತಲ್ಲಿಗೆ ಬರುತ್ತದೆ. ಡಿಜಿಟಲ್ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ವಿಮಾನವಾದರೆ, ಮೊದಲು ಕೊಳ್ಳಬೇಕಾದ ವಸ್ತು ಅದೇ.

ಬಿರುಕು ಏಕೆ ಬಿಡುತ್ತದೆ?

ದರ್ಜಿಯ ಅಂಗಡಿಯಲ್ಲಿ ಬಟ್ಟೆ ಹರಿಯುವುದನ್ನು ನೋಡಿರಬಹುದು. ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ ಎಳೆದರೆ ಬಟ್ಟೆ ಸರ್ರನೆ ಸೀಳುತ್ತದೆ. ಕಚ್ಚಿಲ್ಲದಿದ್ದರೆ ಎಷ್ಟು ಎಳೆದರೂ ಜಗ್ಗುವುದಿಲ್ಲ. ಎಳೆತವೆಲ್ಲ ಆ ಚೂಪು ಮೂಲೆಯಲ್ಲಿ ಬಂದು ಸೇರುವುದೇ ಇದರ ಗುಟ್ಟು. ಅಲ್ಯೂಮಿನಿಯಂ ಹಾಳೆಗೂ ಇದೇ ನ್ಯಾಯ. ಎಂಜಿನ್ನಿನ ನಡುಕ ನಿಮಿಷಕ್ಕೆ ಸಾವಿರಾರು ಸಲ ಹಾಳೆಯನ್ನು ಬಗ್ಗಿಸುತ್ತಿರುತ್ತದೆ. ಡ್ರಿಲ್ ಮಾಡಿ ಅಂಚು ನಯಗೊಳಿಸದ ತೂತು, ಉಗುರಿಗೆ ತಾಕುವಂಥ ಗೀರು, ಚೂಪಾಗಿ ಕತ್ತರಿಸಿದ ಮೂಲೆ, ಇವೆಲ್ಲ ದರ್ಜಿಯ ಕಚ್ಚುಗಳೇ.

2023ರಲ್ಲಿ ವ್ಯಾನ್ಸ್ ಕಿಟ್‌ಗಳಲ್ಲಿ ಎದ್ದ ದೊಡ್ಡ ಸಮಸ್ಯೆಯ ಬೇರು ಇದೇ. ಪಂಚ್ ಮಾಡುವ ಬದಲು ಲೇಸರಿನಿಂದ ಕೊರೆದ ಕೆಲವು ತೂತುಗಳ ಅಂಚಿನಲ್ಲಿ ಸಣ್ಣ ಕಚ್ಚು ಉಳಿದಿತ್ತು. ರಿವೆಟಿನ ತಲೆ ಹಾಳೆಯೊಳಗೆ ಸಮವಾಗಿ ಕೂರಲೆಂದು ಆ ತೂತಿನ ಸುತ್ತ ಗುಳಿ ಒತ್ತುವಾಗ ಅಲ್ಲಿಂದಲೇ ಬಿರುಕು ಹೊರಟಿತು.

ಹಾರುತ್ತಿರುವ ವಿಮಾನಗಳಲ್ಲೂ ಬಿರುಕಿಗೆ ಹೆಸರಾದ ಜಾಗಗಳಿವೆ. 2014ರಲ್ಲಿ ವ್ಯಾನ್ಸ್ ಎರಡು ಸರ್ವಿಸ್ ಬುಲೆಟಿನ್, ಅಂದರೆ ತಪಾಸಣೆಯ ಸೂಚನಾಪತ್ರ ಹೊರಡಿಸಿತು. ಒಂದು, ಬಾಲದ ಅಡ್ಡರೆಕ್ಕೆಯ ಮುಂದಿನ ಸ್ಪಾರ್, ಅಂದರೆ ಒಳಗಿನ ತೊಲೆಯ ಬಗ್ಗೆ. ಇನ್ನೊಂದು, ಎಲಿವೇಟರಿನ, ಅಂದರೆ ಮೂಗನ್ನು ಏರಿಳಿಸುವ ಬಾಲದ ಹಲಗೆಯ ಸ್ಪಾರಿಗೆ ಕೀಲು ಕೂರುವ ಜಾಗದ ಬಗ್ಗೆ. ಆರ್‌ವಿ-6ಕ್ಕೂ ಇವು ಅನ್ವಯಿಸುತ್ತವೆ. ಹಳೆಯ ವಿಮಾನ ಕೊಳ್ಳುವವರು ಈ ಎರಡೂ ತಪಾಸಣೆ ಆಗಿದೆಯೇ ಎಂದು ಲಾಗ್‌ಬುಕ್ಕಿನಲ್ಲಿ ಹುಡುಕಬೇಕು, ದಾಖಲೆ ಸಿಗದಿದ್ದರೆ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ತಾವೇ ನೋಡಬೇಕು.

ಬಿರುಕಿನ ತುದಿಯಲ್ಲಿ ಒಂದು ದುಂಡು ತೂತು ಕೊರೆಯುವುದಕ್ಕೆ 'ಸ್ಟಾಪ್ ಡ್ರಿಲ್' ಎನ್ನುತ್ತಾರೆ. ಚೂಪು ತುದಿ ದುಂಡಗಾದಾಗ ಎಳೆತ ಹರಡಿಕೊಂಡು ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಆದರೆ ಹಾಳೆ ಕಳೆದುಕೊಂಡ ಬಲ ಇದರಿಂದ ವಾಪಸ್ ಬರುವುದಿಲ್ಲ. ಸ್ಪಾರಿನಂಥ ಭಾರ ಹೊರುವ ಜಾಗದಲ್ಲಿ ಇದರ ಮೇಲೆ ತೇಪೆ ಹಾಳೆ ರಿವೆಟ್ ಮಾಡಲೇಬೇಕು, ಅದೂ ಬುಲೆಟಿನ್ನಿನ ನಕಾಶೆಯಂತೆಯೇ. ಪ್ರೊಪೆಲರಿನ ಅಂಚಿಗೆ ಕಲ್ಲು ಬಡಿದ ಕಚ್ಚನ್ನೂ ಹಾಗೇ ಬಿಡಬಾರದು. ನಯವಾದ ಅರದಿಂದ ಉಜ್ಜಿ, ಆಳವಿಲ್ಲದ ಅಗಲ ತಗ್ಗಾಗಿಸಿ, ಎಮರಿ ಕಾಗದದಿಂದ ನುಣುಪು ಮಾಡಬೇಕು. ಎಷ್ಟು ಆಳದವರೆಗೆ ಉಜ್ಜಬಹುದು ಎಂಬ ಮಿತಿ ಪ್ರೊಪೆಲರ್ ತಯಾರಕರ ಪುಸ್ತಕದಲ್ಲಿರುತ್ತದೆ.

ನಟ್ಟು ಬೋಲ್ಟು

ವಿಮಾನದ ಎಎನ್3 ಬೋಲ್ಟು 3/16 ಇಂಚು ದಪ್ಪ. ಅದರ ಮಾಮೂಲು ಟಾರ್ಕ್, ಅಂದರೆ ಬಿಗಿಯುವ ತಿರುಚುಬಲ, 20ರಿಂದ 25 ಇಂಚ್-ಪೌಂಡ್. ಕಾಲು ಇಂಚಿನ ಎಎನ್4ಕ್ಕೆ 50ರಿಂದ 70. ಬೈಕ್ ರಿಪೇರಿ ಮಾಡಿ ಪಳಗಿದ ಕೈಗೆ ಇದು ತೀರ ಸಡಿಲ ಅನ್ನಿಸುತ್ತದೆ. ಅಂದಾಜಿನಲ್ಲಿ ಬಿಗಿದವರು ಎಎನ್3 ಬೋಲ್ಟನ್ನು ಎಳೆದು ಉದ್ದ ಮಾಡಿಬಿಡುತ್ತಾರೆ. ನೈಲಾಕ್ ನಟ್ಟು ತಿರುಗುವಾಗ ಅದರ ನೈಲಾನ್ ಉಂಗುರದ್ದೇ ಒಂದು ಹಿಡಿತ ಇರುತ್ತದೆ. ಅದನ್ನು ಮೊದಲು ಅಳೆದು, ಬೇಕಾದ ಟಾರ್ಕಿಗೆ ಕೂಡಿಸಿಕೊಳ್ಳಬೇಕು.

ನೈಲಾಕ್ ನಟ್ಟನ್ನು ಎರಡು ಕಡೆ ಹಾಕಬಾರದು. ಎಂಜಿನ್ನಿನ ಬಿಸಿ ಜಾಗದಲ್ಲಿ ಹಾಕಿದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ನೈಲಾನ್ ಹಿಡಿತ ಬಿಡುತ್ತದೆ. ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು ಬೇಕು. ಬೋಲ್ಟೇ ತಿರುಗಾಡುವ ಕೀಲಿನಲ್ಲೂ ಅದು ಸಲ್ಲದು, ಅಲ್ಲಿ ಕಿರೀಟದಂಥ ಕ್ಯಾಸಲ್ ನಟ್ಟು ಹಾಕಿ ಸ್ಪ್ಲಿಟ್ ಪಿನ್ ತೂರಿಸಿ ಮಡಿಚಬೇಕು. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವಂತೆ ಬಣ್ಣದ ಪೇಸ್ಟಿನ ಒಂದು ಗೀಟು ಎಳೆಯುವುದು ವಾಡಿಕೆ. ಗೀಟು ಮುರಿದಿದ್ದರೆ ನಟ್ಟು ಸಡಿಲಗೊಂಡಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ತೂಕ: ಎಷ್ಟು ಎನ್ನುವಷ್ಟೇ ಮುಖ್ಯ, ಎಲ್ಲಿ ಎನ್ನುವುದು

ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಯ ಪಟ್ಟಿ ಬಿಗಿಯುತ್ತದೆ, ಮುಂದೆ ಹೇರಿದರೆ ನೊಗ ಹೆಗಲು ಒತ್ತುತ್ತದೆ. ಗಾಡಿಗೆ ಅಚ್ಚು ಹೇಗೋ ವಿಮಾನಕ್ಕೆ ರೆಕ್ಕೆ ಹಾಗೆ. ಭಾರದ ಕೇಂದ್ರ ರೆಕ್ಕೆಗೆ ಹೋಲಿಸಿ ಒಂದು ಗೊತ್ತಾದ ಪಟ್ಟಿಯೊಳಗೇ ಇರಬೇಕು. ಆರ್‌ವಿ-6ರಲ್ಲಿ ಈ ಪಟ್ಟಿ ಸುಮಾರು 8 ಇಂಚು ಅಗಲ. ಮುಂದೆ ಹೋದರೆ ಇಳಿಯುವಾಗ ಮೂಗೆತ್ತಲು ಎಲಿವೇಟರಿನ ಶಕ್ತಿ ಸಾಲುವುದಿಲ್ಲ. ಹಿಂದೆ ಹೋಗುವುದು ಇನ್ನೂ ಅಪಾಯ. ಪೈಲಟ್ ಹಿಡಿಯುವ ಸ್ಟಿಕ್ ಹೂವಿನಷ್ಟು ಹಗುರಾಗಿ ತುಸು ಮುಟ್ಟಿದರೂ ಮೂಗು ಏಳುತ್ತದೆ. ಸ್ಪಿನ್‌ಗೆ, ಅಂದರೆ ಗಿರಗಿರನೆ ಸುತ್ತುತ್ತ ಕೆಳಗೆ ಬೀಳುವ ಸ್ಥಿತಿಗೆ ಸಿಕ್ಕ ವಿಮಾನವನ್ನು ಬಿಡಿಸಲು ಆಗದೆಯೂ ಹೋಗಬಹುದು.

ಲೆಕ್ಕ ಕಷ್ಟದ್ದಲ್ಲ. ಮೂಗಿನ ಮುಂದೆ ಒಂದು ಸೊನ್ನೆ ಗೆರೆ ಗುರುತಿಸಿ, ಪ್ರತಿ ವಸ್ತುವಿನ ತೂಕವನ್ನು ಆ ಗೆರೆಯಿಂದ ಅದಿರುವ ದೂರಕ್ಕೆ ಗುಣಿಸಬೇಕು. ಬಂದ ಗುಣಲಬ್ಧಗಳನ್ನು ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ಕೇಂದ್ರ ಸಿಗುತ್ತದೆ. ಸುಲಭದ ಅಂಕಿ ಹಿಡಿಯೋಣ. ಖಾಲಿ ವಿಮಾನ 1,000 ಪೌಂಡು, ಕೇಂದ್ರ 70 ಇಂಚಿನಲ್ಲಿ: ಗುಣಲಬ್ಧ 70,000. ಮಾಲೀಕರು 20 ಪೌಂಡಿನ ಮರದ ಪ್ರೊಪೆಲರ್ ತೆಗೆದು 55 ಪೌಂಡಿನ ಲೋಹದ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್, ಅಂದರೆ ಅಲಗುಗಳ ಕೋನ ತಾನೇ ಬದಲಾಗುವಂಥದ್ದನ್ನು ಹಾಕುತ್ತಾರೆ. ಪ್ರೊಪೆಲರ್ ಇರುವುದು 12 ಇಂಚಿನಲ್ಲಿ. 240 ಕಳೆದು 660 ಕೂಡಿದರೆ 70,420. ಹೊಸ ತೂಕ 1,035. ಭಾಗಿಸಿದರೆ 68.04 ಇಂಚು. ಬರೀ 35 ಪೌಂಡು ಹೆಚ್ಚಾದದ್ದಕ್ಕೆ ಕೇಂದ್ರ ಸುಮಾರು 2 ಇಂಚು ಮುಂದೆ ಹೋಯಿತು. 8 ಇಂಚಿನ ಪಟ್ಟಿಯ ಕಾಲುಭಾಗ ಅಲ್ಲೇ ಮುಗಿಯಿತು!

ಇದನ್ನು ಸರಿದೂಗಿಸಲು ಅನೇಕರು ಫೈರ್‌ವಾಲಿನ, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ ಬಳಿಯ ಬ್ಯಾಟರಿಯನ್ನು ಲಗೇಜಿನ ಹಿಂದಕ್ಕೆ ಒಯ್ಯುತ್ತಾರೆ. 15 ಪೌಂಡಿನ ಬ್ಯಾಟರಿ 75 ಇಂಚು ಹಿಂದೆ ಹೋದರೆ ಕೇಂದ್ರ ಒಂದು ಇಂಚಿಗೂ ಸ್ವಲ್ಪ ಹೆಚ್ಚು ಹಿಂದೆ ಬರುತ್ತದೆ. ಆದರೆ ಸ್ಟಾರ್ಟರಿಗೆ ಈಗ ಉದ್ದನೆಯ ದಪ್ಪ ಕೇಬಲ್ ಬೇಕು. ಅದಕ್ಕೂ ತೂಕವಿದೆ, ಉದ್ದವಾದಷ್ಟೂ ವೋಲ್ಟೇಜ್ ಕುಸಿಯುತ್ತದೆ, ಕ್ಯಾಬಿನ್ನಿನ ಉದ್ದಕ್ಕೂ ಅದು ಎಲ್ಲೂ ಲೋಹಕ್ಕೆ ಉಜ್ಜದಂತೆ ಕ್ಲಾಂಪ್ ಹಾಕಬೇಕು. ಪ್ರೊಪೆಲರ್ ಬದಲಿಸಲು ಹೊರಟವರು ಹೀಗೆ ವೈರಿಂಗ್ ಕೆಲಸದಲ್ಲಿ ಬಂದು ನಿಲ್ಲುತ್ತಾರೆ. ಈ ವಿಮಾನಗಳಲ್ಲಿ ಮಾಡುವ ಯಾವ ಬದಲಾವಣೆಯೂ ಒಂದೇ ಆಗಿ ಉಳಿಯುವುದಿಲ್ಲ. ಸ್ಪ್ಯಾನರ್ ಎತ್ತುವ ಮೊದಲು 'ಇದನ್ನು ಮುಟ್ಟಿದರೆ ಇನ್ನೇನು ಅಲುಗುತ್ತದೆ' ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆಯಬೇಕಾದದ್ದು ಅದಕ್ಕೇ.

ಬಣ್ಣ ಬಳಿಯುವುದೂ ಒಂದು ಮಾರ್ಪಾಡು

ಹಳೆಯ ವಿಮಾನ ಕೊಂಡವರು ಮೊದಲು ಮಾಡುವ ಕೆಲಸ ಹೊಸ ಬಣ್ಣ. ಅದರಲ್ಲಿ ಅಪಾಯ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ರೆಕ್ಕೆಯ ಏಲರಾನ್, ಬಾಲದ ಎಲಿವೇಟರ್ ಮತ್ತು ರಡ್ಡರ್ ಇವು ಬಾಗಿಲಿನಂತೆ ಕೀಲಿನ ಮೇಲೆ ತಿರುಗುವ ಹಲಗೆಗಳು. ಕೀಲಿನ ಹಿಂದಿನ ಭಾಗ ಭಾರವಾದರೆ, ಒಂದು ವೇಗ ದಾಟಿದ ಮೇಲೆ ಹಲಗೆ ಗಾಳಿಗೆ ಸಿಕ್ಕಿ ತಾನಾಗಿ ಪಟಪಟ ಬಡಿಯಲು ಶುರುಮಾಡುತ್ತದೆ. ಇದಕ್ಕೆ 'ಫ್ಲಟರ್' ಎಂದು ಹೆಸರು. ಒಮ್ಮೆ ಶುರುವಾದರೆ ಕೆಲವೇ ಸೆಕೆಂಡುಗಳಲ್ಲಿ ಬಾಲ ಹರಿದುಹೋಗಬಹುದು. ಇದನ್ನು ತಡೆಯಲೆಂದೇ ಆರ್‌ವಿ-6ರ ಏಲರಾನಿನ ಮುಂದಂಚಿನಲ್ಲಿ ಉಕ್ಕಿನ ಕೊಳವೆಯನ್ನೂ, ಎಲಿವೇಟರಿನ ತುದಿಯಲ್ಲಿ ಸೀಸದ ತುಂಡನ್ನೂ ಇಟ್ಟಿರುತ್ತಾರೆ. ಹಳೆಯ ಬಣ್ಣದ ಮೇಲೆಯೇ ಹೊಸ ಬಣ್ಣ ಬಳಿದರೆ, ತಗ್ಗು ಮುಚ್ಚಲು ಹಿಂದಂಚಿಗೆ ಪುಟ್ಟಿ ಮೆತ್ತಿದರೆ ಆ ಸಮತೋಲ ಕೆಡುತ್ತದೆ. ಬಣ್ಣ ಒಣಗಿದ ಮೇಲೆ ಪ್ರತಿ ಹಲಗೆಯನ್ನೂ ಕಳಚಿ, ಕೀಲಿನ ಗೆರೆಯ ಮೇಲೆ ತೂಗಿಬಿಟ್ಟು, ನಕಾಶೆಯಲ್ಲಿ ಹೇಳಿದಂತೆ ನಿಲ್ಲುತ್ತದೆಯೇ ನೋಡಬೇಕು.

ಫ್ಲಟರಿಗೂ ದೊಡ್ಡ ಎಂಜಿನ್ನಿಗೂ ಸಂಬಂಧವಿದೆ. ಆರ್‌ವಿ-6ರ ದಾಟಬಾರದ ವೇಗ ಗಂಟೆಗೆ 210 ಮೈಲಿ. ಫ್ಲಟರ್ ಲೆಕ್ಕಕ್ಕೆ ಬೇಕಾದದ್ದು ಗಾಳಿಯೊಳಗಿನ ನಿಜವಾದ ವೇಗ. ಎತ್ತರದ ತೆಳು ಗಾಳಿಯಲ್ಲಿ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 2ರಷ್ಟು. 12,000 ಅಡಿಯಲ್ಲಿ ಮೀಟರಿನ ಮುಳ್ಳು 170ರಿಂದ 175ರ ಆಸುಪಾಸಿನಲ್ಲಿ ಇರುವಾಗಲೇ ವಿಮಾನ 210ರ ಗೆರೆ ಮುಟ್ಟಿರುತ್ತದೆ. ಎಂಜಿನ್ ದೊಡ್ಡದಾದರೆ ಬಾಲ ಗಟ್ಟಿಯಾಗುವುದಿಲ್ಲ, ಆ ಗೆರೆಯನ್ನು ಮುಟ್ಟುವುದು ಸುಲಭವಾಗುತ್ತದೆ ಅಷ್ಟೆ.

ವೈರಿಂಗ್ ಮತ್ತು ಇಗ್ನಿಷನ್

ಹಳೆಯ ಮನೆಗಳಲ್ಲಿ ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿ ಕೂರಿಸುತ್ತಿದ್ದರು. ಫ್ಯೂಸ್ ಉಳಿಯುತ್ತಿತ್ತು, ಗೋಡೆಯೊಳಗಿನ ವೈರ್ ಸುಡುತ್ತಿತ್ತು. ವಿಮಾನದ ಸರ್ಕ್ಯೂಟ್ ಬ್ರೇಕರ್ ಕೂಡ ಕಾಯುವುದು ಉಪಕರಣವನ್ನಲ್ಲ, ವೈರನ್ನು. ಸಾಮಾನ್ಯ ರೂಢಿಯಂತೆ 22 ಗೇಜ್ ವೈರಿಗೆ 5 ಆಂಪಿಯರ್, 20 ಗೇಜಿಗೆ 7.5, 18 ಗೇಜಿಗೆ 10. 5ರ ಬ್ರೇಕರ್ ಮತ್ತೆ ಮತ್ತೆ ಬೀಳುತ್ತಿದ್ದರೆ ಅಲ್ಲಿ 10ರದ್ದನ್ನು ಕೂರಿಸುವುದು ಪರಿಹಾರವಲ್ಲ. ವೈರ್ ಬದಲಿಸಬೇಕು, ಇಲ್ಲವೇ ಎಲ್ಲಿ ಶಾರ್ಟ್ ಆಗುತ್ತಿದೆ ಹುಡುಕಬೇಕು. ಸುಟ್ಟರೆ ವಿಷದ ಹೊಗೆ ಕಕ್ಕುವ ಪಿವಿಸಿ ಹೊದಿಕೆಯ ವೈರಿನ ಬದಲು 'ಟೆಫ್‌ಝೆಲ್' ಹೊದಿಕೆಯ ವೈರನ್ನೇ ಬಳಸಬೇಕು.

ಮ್ಯಾಗ್ನೆಟೊ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಸ್ಟಾರ್ಟ್ ಮಾಡುವುದು ಸುಲಭ, ಇಂಧನವೂ ಉಳಿಯುತ್ತದೆ. ಆದರೆ ಅಂಥ ಅನೇಕ ವ್ಯವಸ್ಥೆಗಳು ಬ್ಯಾಟರಿಯನ್ನೇ ನಂಬಿರುತ್ತವೆ. ಮೊದಲು ಆಲ್ಟರ್ನೇಟರ್ ಕೆಟ್ಟರೆ ರೇಡಿಯೋ ಮಾತ್ರ ಹೋಗುತ್ತಿತ್ತು, ಈಗ ಎಂಜಿನ್ನೇ ನಿಲ್ಲಬಹುದು. ಒಂದು ಮ್ಯಾಗ್ನೆಟೊ ಉಳಿಸಿಕೊಂಡು ಇನ್ನೊಂದನ್ನು ಮಾತ್ರ ಬದಲಿಸುವುದು ಅನೇಕರು ಹಿಡಿದ ದಾರಿ. ಎರಡನ್ನೂ ತೆಗೆಯುವುದಾದರೆ ಪ್ರತ್ಯೇಕ ಬ್ಯಾಕಪ್ ಬ್ಯಾಟರಿ ಕಡ್ಡಾಯ ಎಂದೇ ತಿಳಿಯಬೇಕು.

ಇಂಧನದ ಹರಿವು ಅಳೆಯುವುದು

ಟ್ಯಾಂಕಿನಿಂದ ಎಂಜಿನ್ನಿನವರೆಗೆ ಯಾವುದೇ ಫಿಲ್ಟರ್, ಪಂಪ್, ಹೋಸ್ ಬದಲಿಸಿದರೂ ನೆಲದ ಮೇಲೆ ಹರಿವು ಅಳೆಯದೆ ಹಾರಬಾರದು. 160 ಅಶ್ವಶಕ್ತಿಯ ಎಂಜಿನ್ ಪೂರ್ಣ ಶಕ್ತಿಯಲ್ಲಿ ಗಂಟೆಗೆ ಸುಮಾರು 55 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವಿಮಾನದಲ್ಲಿ ಇದರ ಶೇಕಡ 125ರಷ್ಟು, ಅಂದರೆ ಗಂಟೆಗೆ 69 ಲೀಟರ್ ಹರಿಯಬೇಕು. ಗುರುತ್ವದಿಂದಲೇ ಇಂಧನ ಇಳಿಯುವ ವಿಮಾನಕ್ಕೆ ಶೇಕಡ 150. ವಿಮಾನದ ಮೂಗನ್ನು ಕಡಿದಾಗಿ ಏರುವಾಗಿನಷ್ಟು ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಉಳಿಸಿ, ಕಾರ್ಬ್ಯುರೇಟರ್ ಬಳಿ ಹೋಸ್ ಕಳಚಿ ಗುರುತಿರುವ ಪಾತ್ರೆಗೆ ಹಿಡಿಯಬೇಕು. ನಿಮಿಷಕ್ಕೆ 1.15 ಲೀಟರಿಗಿಂತ ಕಡಿಮೆ ಬಂದರೆ ಎಲ್ಲೋ ಕಟ್ಟಿಕೊಂಡಿದೆ: ಮಡಿಚಿದ ಹೋಸ್, ಟ್ಯಾಂಕಿನ ಗಾಳಿಕಿಂಡಿಯಲ್ಲಿ ಗೂಡು ಕಟ್ಟಿದ ಕಣಜ, ಅಥವಾ ಕೀಲಿನಲ್ಲಿ ಹೆಚ್ಚಾಗಿ ಬಳಿದ ಸೀಲಂಟಿನ ಚೂರು. ಈ ಕೆಲಸ ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು, ವಿಮಾನಕ್ಕೂ ಪಾತ್ರೆಗೂ ಅರ್ಥ್ ತಂತಿ ಕಟ್ಟಿಯೇ ಆಗಬೇಕು.

ದೊಡ್ಡ ಬದಲಾವಣೆ ಆದ ಮೇಲೆ

ವಿಮಾನದಲ್ಲಿ ಮಾಡುವ ಬದಲಾವಣೆಗಳನ್ನು ಎಫ್ಎಎ ನಿಯಮ ಎರಡಾಗಿ ವಿಂಗಡಿಸುತ್ತದೆ. ತೂಕ, ಸಮತೋಲ, ಮೈಯ ಬಲ, ನಂಬಿಕಸ್ತಿಕೆ, ಹಾರುವ ಗುಣ ಇವುಗಳಲ್ಲಿ ಯಾವುದಕ್ಕೂ ಗಣನೀಯವಾಗಿ ತಾಗದಿದ್ದರೆ ಅದು ಸಣ್ಣ ಬದಲಾವಣೆ. ತಾಗಿದರೆ ದೊಡ್ಡದು. ಸೀಟಿನ ಬಟ್ಟೆ, ರೇಡಿಯೋದ ನಾಬ್ ಮೊದಲನೆಯ ಗುಂಪಿಗೆ ಸೇರುತ್ತವೆ. ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್, ಬೇರೆ ಎಂಜಿನ್ ಎರಡನೆಯದಕ್ಕೆ.

ದೊಡ್ಡ ಬದಲಾವಣೆಯಾದರೆ ಸಾಮಾನ್ಯವಾಗಿ ಷರತ್ತುಪತ್ರ ಹೇಳುವುದಿಷ್ಟು: ಸ್ಥಳೀಯ ಎಫ್ಎಎ ಕಚೇರಿಗೆ ತಿಳಿಸಬೇಕು, ಜನವಸತಿ ಕಡಿಮೆಯಿರುವ ಗೊತ್ತುಪಡಿಸಿದ ಪರೀಕ್ಷಾ ಪ್ರದೇಶದಲ್ಲಿ ಕನಿಷ್ಠ 5 ಗಂಟೆ ಹಾರಿಸಬೇಕು, ಅಲ್ಲಿಯವರೆಗೆ ಪ್ರಯಾಣಿಕರನ್ನು ಕರೆದೊಯ್ಯಬಾರದು. ಹೊಸದಾಗಿ ಕಟ್ಟಿದ ವಿಮಾನಕ್ಕೆ ಇದೇ ಹಂತ, ಸರ್ಟಿಫೈಡ್ ಎಂಜಿನ್-ಪ್ರೊಪೆಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40.

ಬದಲಾವಣೆಯ ನಂತರದ ಮೊದಲ ಹಾರಾಟ ಚಿಕ್ಕದಾಗಿರಲಿ. ರನ್‌ವೇ ಮೇಲೇ ಎತ್ತರಕ್ಕೆ ಏರಿ, ಇಳಿದಾಣದ ಸುತ್ತಲೇ ಸುತ್ತಿ, ಆಯಿಲ್ ಒತ್ತಡ ಮತ್ತು ಸಿಲಿಂಡರ್ ಹೆಡ್‌ಗಳ ಉಷ್ಣತೆ ಗಮನಿಸಿ ಇಪ್ಪತ್ತು ನಿಮಿಷದೊಳಗೆ ಇಳಿಯಬೇಕು. ಇಳಿದ ಕೂಡಲೇ ಕೌಲಿಂಗ್ ಬಿಚ್ಚಿ ಪ್ರತಿ ಗೀಟು, ಪ್ರತಿ ಹೋಸ್ ನೋಡಬೇಕು. ಆಯಿಲ್‌ನ ಹೊಸ ಕಲೆ ಸಿಗುವುದು ಈಗಲೇ. ಮುಂದಿನ ಹಾರಾಟಗಳಲ್ಲಿ ಸ್ಟಾಲ್ ವೇಗ (ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಡುವ ವೇಗ), ಅತಿ ಚೆನ್ನಾಗಿ ಏರುವ ವೇಗ ಇವನ್ನು ಮತ್ತೆ ಅಳೆಯಬೇಕು, ಹಳೆಯ ಅಂಕಿಗಳು ಹಳೆಯ ಪ್ರೊಪೆಲರಿನವು. 5 ಗಂಟೆ ಮುಗಿದ ಮೇಲೆ ಲಾಗ್‌ಬುಕ್ಕಿನಲ್ಲಿ ತಾರೀಕು, ಏನು ಬದಲಾಯಿತು, ಹೊಸ ಖಾಲಿ ತೂಕ, ಭಾರದ ಕೇಂದ್ರ, ಅಳೆದ ವೇಗಗಳು, ಯಾವ ತೂಕದಲ್ಲಿ ಅಳೆದದ್ದು ಎಂದು ಬರೆದು ಸಹಿ ಮಾಡಿದರೆ, ಪಕ್ಕದ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಬಹುದು.